ಎಂಜಿನ್ ಮಿಸ್‌ಫೈರ್ ಮತ್ತು ಅದರ ಪತ್ತೆ

ಎಂಜಿನ್ ಮಿಸ್‌ಫೈರ್ ಎಂದರೆ ಅಂತರ್ದಹನ ಎಂಜಿನ್ನಿನ ಒಂದು ಅಥವಾ ಹೆಚ್ಚು ಸಿಲಿಂಡರುಗಳಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣವು ಉರಿಯಬೇಕಾದ ಸಮಯದಲ್ಲಿ ಉರಿಯದಿರುವುದು ಅಥವಾ ಅರೆಬರೆಯಾಗಿ ಉರಿಯುವುದು. ಗ್ಯಾರೇಜುಗಳಲ್ಲಿ ಈ ದೋಷಕ್ಕೆ ‘ಮಿಸ್ಸಿಂಗ್’ ಎಂಬ ಮಾತು ರೂಢಿಯಲ್ಲಿದೆ. ಮಿಸ್‌ಫೈರ್ ಎಂಬುದು ಜ್ವರವಿದ್ದಂತೆ: ಅದು ಸ್ವತಃ ರೋಗವಲ್ಲ, ರೋಗದ ಲಕ್ಷಣ. ಕಿಡಿಯ ಕೊರತೆ, ಇಂಧನ ಮತ್ತು ಗಾಳಿಯ ಪ್ರಮಾಣದಲ್ಲಿನ ಏರುಪೇರು, ಸಿಲಿಂಡರಿನ ಒತ್ತಡದ ಸೋರಿಕೆ ಇವುಗಳಲ್ಲಿ ಯಾವುದರಿಂದಲಾದರೂ ಅದು ಉಂಟಾಗಬಹುದು. ಆದ್ದರಿಂದ ಬಿಡಿಭಾಗಗಳನ್ನು ಬದಲಾಯಿಸುವ ಮೊದಲು ಕಾರಣವನ್ನು ಕ್ರಮಬದ್ಧವಾಗಿ ಪತ್ತೆ ಮಾಡುವುದು ಅಗತ್ಯ. ಈ ಲೇಖನವು ಮುಖ್ಯವಾಗಿ ಪೆಟ್ರೋಲ್ ಕಾರುಗಳಲ್ಲಿನ ಮಿಸ್‌ಫೈರ್ ಪತ್ತೆಯನ್ನು ವಿವರಿಸುತ್ತದೆ.

ದಹನದ ಕ್ರಮ

ಬಹುತೇಕ ಎಲ್ಲ ಪೆಟ್ರೋಲ್ ಕಾರುಗಳಲ್ಲಿ ನಾಲ್ಕು ಹೊಡೆತಗಳ ಎಂಜಿನ್ ಇರುತ್ತದೆ. ಮೊದಲ ಹೊಡೆತದಲ್ಲಿ ಪಿಸ್ಟನ್ ಕೆಳಗಿಳಿದು ಗಾಳಿಯನ್ನೂ ಇಂಧನವನ್ನೂ ಒಳಗೆಳೆಯುತ್ತದೆ. ಎರಡನೆಯದರಲ್ಲಿ ಮೇಲೇರಿ ಮಿಶ್ರಣವನ್ನು ಒತ್ತುತ್ತದೆ. ಆ ಹೊಡೆತದ ಕೊನೆಯಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಉರಿದ ಅನಿಲವು ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದೇ ಮೂರನೆಯದಾದ ಶಕ್ತಿಯ ಹೊಡೆತ. ನಾಲ್ಕನೆಯದರಲ್ಲಿ ಹೊಗೆ ಹೊರಹೋಗುತ್ತದೆ. ಈ ನಾಲ್ಕೂ ಮುಗಿಯಲು ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಬೇಕು.

ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ಸಿಲಿಂಡರಿನಲ್ಲೂ ನಿಮಿಷಕ್ಕೆ 1,500 ಬಾರಿ, ಅಂದರೆ ಸೆಕೆಂಡಿಗೆ 25 ಬಾರಿ ದಹನವಾಗುತ್ತದೆ. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಒಟ್ಟು ಸೆಕೆಂಡಿಗೆ 100 ದಹನಗಳು. ಈ ಲಯದಲ್ಲಿ ಕೆಲವು ಹೊಡೆತಗಳು ತಪ್ಪಿದರೂ ಚಾಲಕನಿಗೆ ಅದು ಕಂಪನವಾಗಿ ಅನುಭವಕ್ಕೆ ಬರುತ್ತದೆ. ಸಿಲಿಂಡರುಗಳು ಕಡಿಮೆಯಾದಷ್ಟೂ ಪರಿಣಾಮ ಹೆಚ್ಚು. 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರಿಂದ ಮೊದಲುಗೊಂಡು ಭಾರತದ ಸಣ್ಣ ಕಾರುಗಳಲ್ಲಿ ಮೂರು ಸಿಲಿಂಡರುಗಳ ಎಂಜಿನ್ ಸಾಮಾನ್ಯ. ಅಂತಹ ಕಾರಿನಲ್ಲಿ ಒಂದು ಸಿಲಿಂಡರ್ ಸುಮ್ಮನಾದರೆ ಶಕ್ತಿಯ ಮೂರನೆಯ ಒಂದು ಭಾಗವೇ ಇಲ್ಲವಾಗುತ್ತದೆ.

ಮಿಶ್ರಣ ಸರಿಯಾಗಿ ಉರಿಯಲು ಮೂರು ಸಂಗತಿಗಳು ಕೂಡಿಬರಬೇಕು: ಸಕಾಲದಲ್ಲಿ ಬಲವಾದ ಕಿಡಿ, ತಕ್ಕ ಪ್ರಮಾಣದ ಮಿಶ್ರಣ, ಸಾಕಷ್ಟು ಒತ್ತಡ. ಮಿಸ್‌ಫೈರಿನ ಕಾರಣಗಳೂ ಈ ಮೂರು ಗುಂಪುಗಳಲ್ಲಿಯೇ ಅಡಗಿರುತ್ತವೆ.

ಲಕ್ಷಣಗಳು

ಕಾರು ನಿಂತಿರುವಾಗ ಎಂಜಿನ್ ಅಲುಗಾಡುವುದು, ಸ್ಟಿಯರಿಂಗ್ ಮತ್ತು ಗೇರ್ ಲಿವರಿನಲ್ಲಿ ನಡುಕ, ಆಕ್ಸಿಲರೇಟರ್ ಒತ್ತಿದಾಗ ಕಾರು ಜಗ್ಗಿ ಜಗ್ಗಿ ಓಡುವುದು, ಪಿಕಪ್ ಕುಗ್ಗುವುದು, ಮೈಲೇಜ್ ಇಳಿಯುವುದು, ಸೈಲೆನ್ಸರಿನಿಂದ ‘ಫಟ್ ಫಟ್’ ಎಂಬ ಸದ್ದು ಹಾಗೂ ಹಸಿ ಪೆಟ್ರೋಲಿನ ವಾಸನೆ ಬರುವುದು ಇದರ ಸಾಮಾನ್ಯ ಲಕ್ಷಣಗಳು. ಆಧುನಿಕ ಕಾರುಗಳಲ್ಲಿ ಇವುಗಳ ಜೊತೆಗೆ ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ಎಚ್ಚರಿಕೆ ದೀಪವೂ ಬೆಳಗುತ್ತದೆ.

ಲಕ್ಷಣ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದು ಅದರ ಸ್ವರೂಪದಷ್ಟೇ ಮುಖ್ಯ. ಮಳೆಯಲ್ಲಿ ಅಥವಾ ಕಾರು ತೊಳೆದ ನಂತರ ಮಾತ್ರ ಕಂಡುಬಂದರೆ ಕಿಡಿಯ ವ್ಯವಸ್ಥೆಗೆ ತೇವ ತಾಗಿರಬಹುದು. ಏರು ಹತ್ತುವಾಗ ಮಾತ್ರ ಕಂಡುಬಂದರೆ ಕ್ಷೀಣವಾದ ಕಿಡಿ ಅಥವಾ ಇಂಧನದ ಕೊರತೆಯನ್ನು ಶಂಕಿಸಬೇಕು. ನಿಂತಾಗ ಹೆಚ್ಚಾಗಿದ್ದು ವೇಗ ಪಡೆದಂತೆ ಕಡಿಮೆಯಾದರೆ ಗಾಳಿಯ ಸೋರಿಕೆ ಅಥವಾ ಒತ್ತಡದ ಕೊರತೆ ಇರುವ ಸಾಧ್ಯತೆ ಹೆಚ್ಚು. ನುರಿತ ಮೆಕ್ಯಾನಿಕ್ ಬಾನೆಟ್ ತೆರೆಯುವ ಮೊದಲೇ ಚಾಲಕನನ್ನು ಈ ಪ್ರಶ್ನೆಗಳನ್ನು ಕೇಳುತ್ತಾನೆ.

ನಿರ್ಲಕ್ಷಿಸಿದರೆ ಆಗುವ ಹಾನಿ

ಉರಿಯದ ಪೆಟ್ರೋಲ್ ಮತ್ತು ಬಳಕೆಯಾಗದ ಆಮ್ಲಜನಕ ಎರಡೂ ಹೊಗೆಕೊಳವೆಯ ಮೂಲಕ ಕ್ಯಾಟಲಿಟಿಕ್ ಕನ್ವರ್ಟರನ್ನು ತಲುಪುತ್ತವೆ. ವಿಷಾನಿಲಗಳನ್ನು ಶುದ್ಧೀಕರಿಸುವ ಈ ಸಾಧನದೊಳಗೆ ಜೇನುಗೂಡಿನಂತಹ ರಚನೆಯ ಮೇಲೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಮುಂತಾದ ಬೆಲೆಬಾಳುವ ಲೋಹಗಳ ಲೇಪನವಿರುತ್ತದೆ. ಸಿಲಿಂಡರಿನಲ್ಲಿ ಉರಿಯಬೇಕಾದ ಇಂಧನ ಇಲ್ಲಿ ಉರಿಯತೊಡಗಿದರೆ ಉಷ್ಣತೆ ಮಿತಿಮೀರಿ ಜೇನುಗೂಡು ಕರಗುತ್ತದೆ. ಕರಗಿದ ಭಾಗ ಹೊಗೆಯ ದಾರಿಯನ್ನೇ ಕಟ್ಟಿಬಿಡಬಹುದು. ಒಂದು ಸ್ಪಾರ್ಕ್ ಪ್ಲಗ್ ಬದಲಿಸಿದ್ದರೆ ಮುಗಿಯುತ್ತಿದ್ದ ಖರ್ಚು ಆಗ ಅದರ ಹಲವು ಹತ್ತು ಪಟ್ಟು ಬೆಳೆಯುತ್ತದೆ.

ಅನೇಕ ಕಾರುಗಳಲ್ಲಿ ಎಂಜಿನ್ ದೀಪವು ಸ್ಥಿರವಾಗಿ ಬೆಳಗದೆ ಮಿನುಗತೊಡಗಿದರೆ ಅದು ಕನ್ವರ್ಟರಿಗೆ ಹಾನಿಯಾಗುವಷ್ಟು ತೀವ್ರವಾದ ಮಿಸ್‌ಫೈರ್ ನಡೆಯುತ್ತಿದೆ ಎಂಬುದರ ಸೂಚನೆ. ಆಗ ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ಕಾರನ್ನು ನಿಲ್ಲಿಸಬೇಕು. ಒಣಹುಲ್ಲಿನ ಮೇಲಾಗಲಿ, ಒಕ್ಕಣೆಗೆಂದು ರಸ್ತೆಯಲ್ಲಿ ಹರಡಿದ ಹುರುಳಿ, ರಾಗಿ ಬೆಳೆಯ ಮೇಲಾಗಲಿ ನಿಲ್ಲಿಸಬಾರದು. ಕಾದ ಕನ್ವರ್ಟರಿನಿಂದ ಅದಕ್ಕೆ ಬೆಂಕಿ ತಗಲುವ ಅಪಾಯವಿದೆ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಗಳ ಮೇಲಿನ ಎಣ್ಣೆಯ ಪದರವನ್ನು ತೊಳೆದುಹಾಕಿ ಸವೆತವನ್ನೂ ಹೆಚ್ಚಿಸುತ್ತದೆ. ಲಾರಿಯೊಂದನ್ನು ಹಿಂದಿಕ್ಕುವ ಹೊತ್ತಿನಲ್ಲಿ ಎಂಜಿನ್ ಶಕ್ತಿ ಕಳೆದುಕೊಂಡರೆ ಪ್ರಾಣಾಪಾಯವೂ ಒದಗಬಹುದು.

ಕಾರಣಗಳು

ಕಿಡಿಯ ದೋಷಗಳು: ಸ್ಪಾರ್ಕ್ ಪ್ಲಗ್ಗಿನ ಎರಡು ತುದಿಗಳ ನಡುವಿನ ಅಂತರ ಸಾಮಾನ್ಯವಾಗಿ 0.7ರಿಂದ 1.1 ಮಿಲಿಮೀಟರ್. ತುದಿ ಸವೆದಂತೆ ಅಂತರ ಹಿಗ್ಗುತ್ತದೆ. ಅದನ್ನು ದಾಟಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಪ್ಲಗ್ಗಿನ ಪಿಂಗಾಣಿ ಸೀಳಿದ್ದರೆ, ಇಗ್ನಿಷನ್ ಕಾಯಿಲಿನ ರಬ್ಬರ್ ತೋಳು ಬಿರುಕುಬಿಟ್ಟಿದ್ದರೆ ಅಥವಾ ಹಳೆಯ ಕಾರುಗಳಲ್ಲಿ ಪ್ಲಗ್ ವಯರಿನ ಹೊದಿಕೆ ಹಾಳಾಗಿದ್ದರೆ ವಿದ್ಯುತ್ತು ಪ್ಲಗ್ಗಿನ ತುದಿಯನ್ನು ತಲುಪದೆ ಹತ್ತಿರದ ಲೋಹಕ್ಕೆ ಹಾರಿಹೋಗುತ್ತದೆ. ಕಾಯಿಲಿನ ಒಳಸುರುಳಿ ಬಿಸಿಯಾದಾಗ ಮಾತ್ರ ಕೈಕೊಡುವುದೂ ಉಂಟು.

ಇಂಧನ ಮತ್ತು ಗಾಳಿಯ ದೋಷಗಳು: ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು. ಇಂಜೆಕ್ಟರಿನ ಸೂಕ್ಷ್ಮರಂಧ್ರ ಕಟ್ಟಿಕೊಳ್ಳುವುದು, ಇಂಧನ ಫಿಲ್ಟರ್ ತುಂಬಿಕೊಳ್ಳುವುದು, ಪಂಪ್ ದುರ್ಬಲವಾಗುವುದು, ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಅಥವಾ ರಬ್ಬರ್ ಕೊಳವೆಯ ಬಿರುಕಿನಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುವುದು ಈ ಗುಂಪಿಗೆ ಸೇರುತ್ತವೆ. ಭಾರತದಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ನೀರು ಮಿತಿಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಪಂಪು ಆ ಪದರವನ್ನೇ ಎಳೆದರೆ ಎಲ್ಲ ಸಿಲಿಂಡರುಗಳೂ ಒಮ್ಮೆಲೇ ಮಿಸ್ ಹೊಡೆಯುತ್ತವೆ.

ಒತ್ತಡದ ಮತ್ತು ಯಾಂತ್ರಿಕ ದೋಷಗಳು: ಸುಟ್ಟ ಅಥವಾ ಸರಿಯಾಗಿ ಮುಚ್ಚದ ವಾಲ್ವ್, ಸವೆದ ಪಿಸ್ಟನ್ ರಿಂಗ್, ಸಿಲಿಂಡರ್ ಹೆಡ್ ಗ್ಯಾಸ್ಕೆಟ್ಟಿನ ಸೋರಿಕೆ, ಟೈಮಿಂಗ್ ಬೆಲ್ಟ್ ಅಥವಾ ಚೈನ್ ಹಲ್ಲು ತಪ್ಪುವುದು ಇದರಲ್ಲಿ ಮುಖ್ಯವಾದವು. ಇವು ಕಿಡಿ ಮತ್ತು ಇಂಧನದ ದೋಷಗಳಷ್ಟು ಸಾಮಾನ್ಯವಲ್ಲ. ಆದರೆ ಇವುಗಳ ದುರಸ್ತಿ ದುಬಾರಿ.

ಪತ್ತೆಯ ವಿಧಾನಗಳ ಬೆಳವಣಿಗೆ

1902ರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಅವರ ಸಂಸ್ಥೆಯಲ್ಲಿ ಗಾಟ್ಲೋಬ್ ಹೋನೋಲ್ಡ್ ಅವರು ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನು ರೂಪಿಸಿದ ಮೇಲೆ ಕಾರುಗಳಲ್ಲಿ ವಿದ್ಯುತ್ ಕಿಡಿಯ ಬಳಕೆ ಭದ್ರವಾಯಿತು. ಭಾರತದಲ್ಲಿ 1951ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಸ್ಪಾರ್ಕ್ ಪ್ಲಗ್ಗುಗಳು ‘ಮೈಕೋ’ ಎಂಬ ಹೆಸರಿನಿಂದ ಜನಪ್ರಿಯವಾದವು. ಈ ಸಂಸ್ಥೆಯೇ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಕಾರ್ಬ್ಯುರೇಟರ್ ಮತ್ತು ಡಿಸ್ಟ್ರಿಬ್ಯೂಟರ್ ಇದ್ದ ಎಂಜಿನ್ನುಗಳನ್ನು ಕಿವಿಯಿಂದಲೇ ಪರೀಕ್ಷಿಸುತ್ತಿದ್ದರು. ಎಂಜಿನ್ ಓಡುತ್ತಿರುವಾಗ ಒಂದೊಂದೇ ಪ್ಲಗ್ಗಿನ ವಯರನ್ನು ಕಳಚಿ ಸದ್ದನ್ನು ಆಲಿಸುವುದು ರೂಢಿಯಾಗಿತ್ತು. ಕಳಚಿದಾಗ ಎಂಜಿನ್ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ದೋಷ ಅಲ್ಲಿಯೇ ಇದೆ. ತರ್ಕ ಇಂದಿಗೂ ಅದೇ ಆಗಿದ್ದರೂ ಈಗಿನ ಕಾರುಗಳಲ್ಲಿ ಹೀಗೆ ಕಳಚಬಾರದು. ಅವುಗಳ ಕಿಡಿಯ ವೋಲ್ಟೇಜ್ ಹತ್ತಾರು ಸಾವಿರಗಳಷ್ಟಿದ್ದು ಮನುಷ್ಯನಿಗೂ ಕಾಯಿಲಿಗೂ ಎಂಜಿನ್ ಕಂಪ್ಯೂಟರಿಗೂ ಅಪಾಯಕಾರಿ.

1996ನೇ ಮಾದರಿ ವರ್ಷದಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲಿ ಒಬಿಡಿ-2 ಎಂಬ ಸ್ವಯಂಪರೀಕ್ಷಾ ವ್ಯವಸ್ಥೆ ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್-6 ಮಾಲಿನ್ಯ ನಿಯಮಗಳು 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದವು. ಅವುಗಳ ಎರಡನೆಯ ಹಂತ 2023ರ ಏಪ್ರಿಲ್ 1ರಂದು ಆರಂಭವಾಗಿ ಸ್ವಯಂಪರೀಕ್ಷೆಯ ನಿಯಮಗಳು ಇನ್ನಷ್ಟು ಬಿಗಿಯಾದವು.

ಎಂಜಿನ್ ಕಂಪ್ಯೂಟರ್ ಮಿಸ್‌ಫೈರನ್ನು ಗುರುತಿಸುವ ಬಗೆ

ಬಹುತೇಕ ಕಾರುಗಳಲ್ಲಿ ಸಿಲಿಂಡರಿನ ಒಳಗೆ ಬೆಂಕಿಯನ್ನು ನೋಡುವ ಸಾಧನ ಯಾವುದೂ ಇರುವುದಿಲ್ಲ. ಕಂಪ್ಯೂಟರು ಕ್ರ್ಯಾಂಕ್‌ಶಾಫ್ಟಿನ ವೇಗವನ್ನು ಮಾತ್ರ ಗಮನಿಸುತ್ತದೆ. ಶಾಫ್ಟಿಗೆ ಜೋಡಿಸಿದ ಹಲ್ಲಿನ ಚಕ್ರದ ಎದುರು ಒಂದು ಸೆನ್ಸರ್ ಇದ್ದು, ಒಂದೊಂದು ಹಲ್ಲು ದಾಟಲು ಹಿಡಿದ ಸಮಯವನ್ನು ಅಳೆಯಲು ನೆರವಾಗುತ್ತದೆ. ಪ್ರತಿ ದಹನದಲ್ಲೂ ಶಾಫ್ಟು ಕ್ಷಣಮಾತ್ರ ವೇಗ ಪಡೆಯುತ್ತದೆ. ಆ ವೇಗವರ್ಧನೆ ಕಾಣದಿದ್ದರೆ, ಆಗ ಸರದಿಯಲ್ಲಿದ್ದ ಸಿಲಿಂಡರ್ ತಪ್ಪಿದೆ ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ನಾಲ್ಕು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಎಂಜಿನ್ನುಗಳಲ್ಲಿ ಸರದಿ ಸಾಮಾನ್ಯವಾಗಿ 1-3-4-2.

ತಪ್ಪಿದ ಹೊಡೆತಗಳು ನಿಗದಿತ ಮಿತಿಯನ್ನು ಮೀರಿದಾಗ ದೋಷಸಂಕೇತವೊಂದು ದಾಖಲಾಗುತ್ತದೆ. ಸ್ಕ್ಯಾನರ್ ಮೂಲಕ ಓದಬಹುದಾದ ಮುಖ್ಯ ಸಂಕೇತಗಳು ಇವು:

ಪಿ0300: ಯಾವುದೋ ಒಂದಕ್ಕೆ ಸೀಮಿತವಾಗದೆ ಹಲವು ಸಿಲಿಂಡರುಗಳಲ್ಲಿ ಮಿಸ್‌ಫೈರ್.
ಪಿ0301, ಪಿ0302, ಪಿ0303, ಪಿ0304: ಕ್ರಮವಾಗಿ 1, 2, 3, 4ನೇ ಸಿಲಿಂಡರಿನಲ್ಲಿ ಮಿಸ್‌ಫೈರ್.
ಪಿ0171: ಮಿಶ್ರಣದಲ್ಲಿ ಇಂಧನ ಕಡಿಮೆ.
ಪಿ0172: ಮಿಶ್ರಣದಲ್ಲಿ ಇಂಧನ ಹೆಚ್ಚು.
ಪಿ0201ರಿಂದ ಪಿ0204: ಆಯಾ ಸಿಲಿಂಡರಿನ ಇಂಜೆಕ್ಟರ್ ವಿದ್ಯುತ್ ಮಾರ್ಗದಲ್ಲಿ ದೋಷ.
ಪಿ0351ರಿಂದ ಪಿ0354: ಆಯಾ ಇಗ್ನಿಷನ್ ಕಾಯಿಲಿನ ವಿದ್ಯುತ್ ಮಾರ್ಗದಲ್ಲಿ ದೋಷ.

ಮಿಸ್‌ಫೈರಿನ ಸಂಕೇತವು ದೋಷ ಎಲ್ಲಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಏಕೆ ಎಂಬುದನ್ನು ಹೇಳುವುದಿಲ್ಲ. ಪಿ0302 ಎಂದರೆ ಎರಡನೆಯ ಸಿಲಿಂಡರಿನ ಹೊಡೆತ ತಪ್ಪಿದೆ ಎಂದಷ್ಟೇ ಅರ್ಥ. ಎರಡನೆಯ ಕಾಯಿಲ್ ಕೆಟ್ಟಿದೆ ಎಂದಲ್ಲ.

ಪತ್ತೆಯ ಹಂತಗಳು

ಸುಲಭವಾದ, ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಕ್ಲಿಷ್ಟವಾದುದರ ಕಡೆಗೆ ಸಾಗುವುದು ಪತ್ತೆಯ ಮೂಲ ನಿಯಮ.

1. ಸಂಕೇತಗಳನ್ನು ಓದಿ ಬರೆದುಕೊಳ್ಳುವುದು. ದೋಷ ದಾಖಲಾದ ಕ್ಷಣದ ವೇಗ, ಎಂಜಿನ್ನಿನ ಉಷ್ಣತೆ ಮತ್ತು ಭಾರದ ವಿವರಗಳನ್ನೂ ಕಂಪ್ಯೂಟರು ಉಳಿಸಿಕೊಂಡಿರುತ್ತದೆ. ಅವನ್ನು ಗಮನಿಸುವ ಮೊದಲೇ ಸಂಕೇತಗಳನ್ನು ಅಳಿಸಿದರೆ ಸಾಕ್ಷ್ಯವನ್ನೇ ನಾಶಮಾಡಿದಂತಾಗುತ್ತದೆ.

2. ಕಣ್ಣಿನ ಪರೀಕ್ಷೆ. ಸಡಿಲವಾದ ಕನೆಕ್ಟರ್, ಇಲಿ ಕಡಿದ ವಯರ್, ಕಳಚಿದ ಗಾಳಿಕೊಳವೆ, ಪ್ಲಗ್ಗಿನ ಗುಳಿಯಲ್ಲಿ ನಿಂತ ಎಣ್ಣೆ ಅಥವಾ ನೀರು ಇವನ್ನು ಹುಡುಕಬೇಕು.

3. ಸ್ಪಾರ್ಕ್ ಪ್ಲಗ್ಗುಗಳನ್ನು ನೋಡುವುದು. ಎಂಜಿನ್ ಆರಿದ ಮೇಲೆ ಅವನ್ನು ಬಿಚ್ಚಿ ಸಿಲಿಂಡರಿನ ಕ್ರಮದಲ್ಲಿಯೇ ಸಾಲಾಗಿ ಇಡಬೇಕು. ತುದಿ ತಿಳಿಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ದಹನ ಸರಿಯಾಗಿದೆ. ಒಣ ಕಪ್ಪುಮಸಿ ಇದ್ದರೆ ಇಂಧನ ಹೆಚ್ಚಾಗಿದೆ. ಎಣ್ಣೆಯ ಪಸೆ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಬಿಳಿಚಿಕೊಂಡು ಬೊಬ್ಬೆ ಎದ್ದಿದ್ದರೆ ಮಿತಿಮೀರಿದ ಉಷ್ಣವನ್ನು, ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯ ಕೊರತೆಯನ್ನು ಶಂಕಿಸಬೇಕು.

4. ಅದಲುಬದಲು ಪರೀಕ್ಷೆ. ಶಂಕಿತ ಸಿಲಿಂಡರಿನ ಕಾಯಿಲನ್ನು ಸರಿಯಾಗಿರುವ ಸಿಲಿಂಡರಿಗೆ ಹಾಕಿ ಮತ್ತೆ ಓಡಿಸಬೇಕು. ಪಿ0301 ಇದ್ದದ್ದು ಪಿ0303 ಆಗಿ ಬದಲಾದರೆ, ಕಾಯಿಲಿನೊಡನೆ ದೋಷವೂ ಸ್ಥಳಾಂತರಗೊಂಡಿತು; ಆ ಕಾಯಿಲೇ ಅಪರಾಧಿ. ದೋಷ ಕದಲದಿದ್ದರೆ ಕಾಯಿಲ್ ನಿರ್ದೋಷಿ. ಪ್ಲಗ್ಗನ್ನೂ, ಸಾಧ್ಯವಿರುವಲ್ಲಿ ಇಂಜೆಕ್ಟರನ್ನೂ ಹೀಗೆಯೇ ಪರೀಕ್ಷಿಸಬಹುದು. ಒಂದು ಬಾರಿಗೆ ಒಂದು ಭಾಗವನ್ನು ಮಾತ್ರ ಬದಲಿಸಬೇಕು.

5. ಇಂಧನದ ಪರೀಕ್ಷೆ. ಪಂಪಿನ ಒತ್ತಡವನ್ನು ಗೇಜಿನಿಂದ ಅಳೆದು ತಯಾರಕರು ನೀಡಿದ ಅಂಕಿಯೊಡನೆ ಹೋಲಿಸಬೇಕು. ಕಂಪ್ಯೂಟರು ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಇಂಧನವನ್ನು ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಎಂಬುದನ್ನು ತೋರಿಸುವ ‘ಫ್ಯೂಯೆಲ್ ಟ್ರಿಮ್’ ಅಂಕಿಯೂ ಉಪಯುಕ್ತ. ಎಂಜಿನ್ ನಿಧಾನವಾಗಿ ಓಡುವಾಗ ಈ ಅಂಕಿ ಹೆಚ್ಚಿದ್ದು ವೇಗ ಏರಿದಂತೆ ಇಳಿದರೆ ಗಾಳಿಯ ಸೋರಿಕೆ ಇರಬಹುದು. ಭಾರ ಹೆಚ್ಚಿದಂತೆ ಅಂಕಿಯೂ ಏರಿದರೆ ಇಂಧನದ ಪೂರೈಕೆ ಸಾಲದಾಗಿರಬಹುದು.

6. ಒತ್ತಡದ ಪರೀಕ್ಷೆ. ಇಂಧನ ಮತ್ತು ಕಿಡಿಯನ್ನು ನಿಷ್ಕ್ರಿಯಗೊಳಿಸಿ, ಪ್ಲಗ್ಗಿನ ಜಾಗದಲ್ಲಿ ಕಂಪ್ರೆಷನ್ ಗೇಜ್ ಕೂರಿಸಿ, ಆಕ್ಸಿಲರೇಟರನ್ನು ಪೂರ್ಣ ಒತ್ತಿ ಸೆಲ್ಫ್ ಮೋಟಾರಿನಿಂದ ಎಂಜಿನ್ನನ್ನು ತಿರುಗಿಸಬೇಕು. ಇಲ್ಲಿ ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ಮುಖ್ಯ. ಒಂದರಲ್ಲಿ ಒತ್ತಡ ಬಹಳ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ದೋಷ ವಾಲ್ವಿನಲ್ಲಿ ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೆ ಒತ್ತಡ ಕಡಿಮೆಯಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸೀಳಿರುವ ಸಾಧ್ಯತೆ ಹೆಚ್ಚು.

7. ಸೋರಿಕೆಯ ಪರೀಕ್ಷೆ. ಎರಡೂ ವಾಲ್ವುಗಳು ಮುಚ್ಚಿರುವ ಸ್ಥಿತಿಯಲ್ಲಿ ಸಿಲಿಂಡರಿಗೆ ಒತ್ತಡದ ಗಾಳಿಯನ್ನು ಹಾಯಿಸಿ ಅದು ಎಲ್ಲಿಂದ ಹೊರಬರುತ್ತದೆ ಎಂದು ಆಲಿಸಬೇಕು. ಗಾಳಿ ಒಳಬರುವ ಮಾರ್ಗದಲ್ಲಿ ಸದ್ದಾದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಾದರೆ ರಿಂಗ್ ದೋಷಯುಕ್ತ. ರೇಡಿಯೇಟರಿನಲ್ಲಿ ಗುಳ್ಳೆಗಳೆದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನಲ್ಲಿಯೇ ಬಿರುಕು ಇರಬಹುದು.

ಒಂದು ನಿದರ್ಶನ

ಹಲವು ವರ್ಷ ಸಿಎನ್‌ಜಿಯಲ್ಲಿ ಓಡಿದ, ಮೂರು ಸಿಲಿಂಡರುಗಳ ಕಾರೊಂದು ನಿಂತಾಗ ನಡುಗುತ್ತದೆ, ವೇಗದಲ್ಲಿ ಸರಿಯಾಗುತ್ತದೆ, ಸ್ಕ್ಯಾನರ್ ಪಿ0302 ತೋರಿಸುತ್ತದೆ ಎಂದಿಟ್ಟುಕೊಳ್ಳೋಣ. ಎರಡನೆಯ ಕಾಯಿಲನ್ನು ಮೂರನೆಯ ಸಿಲಿಂಡರಿಗೆ ಹಾಕಿದರೂ ಸಂಕೇತ ಪಿ0302 ಆಗಿಯೇ ಉಳಿಯುತ್ತದೆ. ಪ್ಲಗ್ಗುಗಳನ್ನು ಅದಲುಬದಲು ಮಾಡಿದರೂ ಬದಲಾವಣೆಯಿಲ್ಲ. ಇಂಜೆಕ್ಟರೂ ಸರಿಯಾಗಿದೆ. ಗೇಜಿನಲ್ಲಿ ಕ್ರಮವಾಗಿ 175, 115, 170 ಪಿಎಸ್‌ಐ ಒತ್ತಡ ಕಾಣುತ್ತದೆ. ಎಣ್ಣೆ ಹಾಕಿದರೂ 115 ಏರುವುದಿಲ್ಲ. ಗಾಳಿ ಹಾಯಿಸಿದಾಗ ಸೈಲೆನ್ಸರಿನಲ್ಲಿ ಸುಯ್ಯೆಂಬ ಸದ್ದು ಕೇಳಿಸುತ್ತದೆ. ಎಕ್ಸಾಸ್ಟ್ ವಾಲ್ವ್ ಪೂರ್ಣವಾಗಿ ಮುಚ್ಚುತ್ತಿಲ್ಲ ಎಂಬುದು ಇದರಿಂದ ಸ್ಪಷ್ಟ.

ನಿಧಾನಗತಿಯಲ್ಲಿ ಒತ್ತಡ ಸೋರಿಹೋಗಲು ಹೆಚ್ಚು ಸಮಯ ಸಿಗುವುದರಿಂದ ದೋಷ ಆಗ ಪ್ರಬಲವಾಗಿ ಕಾಣುತ್ತದೆ. ಸಂಕೇತವನ್ನು ನೋಡಿದೊಡನೆ ಹೊಸ ಕಾಯಿಲ್, ಆಮೇಲೆ ಪ್ಲಗ್, ಆಮೇಲೆ ಇಂಜೆಕ್ಟರ್ ಕೊಂಡಿದ್ದರೆ ಮೂರೂ ವ್ಯರ್ಥವಾಗುತ್ತಿದ್ದವು.

ಸಾಮಾನ್ಯ ತಪ್ಪು ತೀರ್ಮಾನಗಳು

ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಇಂಧನವನ್ನು ಅಳೆಯುವುದಿಲ್ಲ, ಆಮ್ಲಜನಕವನ್ನು ಮಾತ್ರ ಗ್ರಹಿಸುತ್ತದೆ. ಕಿಡಿಯಿಲ್ಲದೆ ಒಂದು ಸಿಲಿಂಡರ್ ತಪ್ಪಿದಾಗ ಅದರ ಆಮ್ಲಜನಕವೆಲ್ಲ ಹಾಗೆಯೇ ಹೊರಬರುತ್ತದೆ. ಪೆಟ್ರೋಲ್ ಧಾರಾಳವಾಗಿದ್ದರೂ ಸೆನ್ಸರ್ ಇಂಧನ ಕಡಿಮೆಯಿದೆ ಎಂಬ ಸೂಚನೆ ನೀಡುತ್ತದೆ. ಕಂಪ್ಯೂಟರು ಅದನ್ನು ನಂಬಿ ಮತ್ತಷ್ಟು ಇಂಧನ ಸುರಿಯಬಹುದು. ಇಂತಹ ಸಂದರ್ಭದಲ್ಲಿ ಸೆನ್ಸರನ್ನು ಬದಲಿಸುವುದರಿಂದ ಪ್ರಯೋಜನವಿಲ್ಲ.

ಹೊಂಡ ಬಿದ್ದ ರಸ್ತೆಯಲ್ಲಿ ಚಕ್ರಗಳು ಕುಲುಕಿದಾಗ ಆ ಏರಿಳಿತ ಕ್ರ್ಯಾಂಕ್‌ಶಾಫ್ಟಿಗೂ ತಲುಪಿ ಮಿಸ್‌ಫೈರಿನಂತೆ ತೋರಬಹುದು. ಇದನ್ನು ತಪ್ಪಿಸಲು ಕೆಲವು ಕಾರುಗಳು ಎಬಿಎಸ್ ಚಕ್ರಸೆನ್ಸರುಗಳ ಮಾಹಿತಿಯನ್ನು ಬಳಸುತ್ತವೆ. ಎಂಜಿನ್ ಮೌಂಟ್ ಹರಿದಿದ್ದರೂ ಕಾರು ನಡುಗುತ್ತದೆ. ಆದರೆ ಆಗ ದಹನದಲ್ಲಿ ದೋಷವಿರುವುದಿಲ್ಲ.

ಡೀಸೆಲ್ ಮತ್ತು ಸಿಎನ್‌ಜಿ ಕಾರುಗಳು

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಒತ್ತಿದ ಗಾಳಿಯ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಇಂಜೆಕ್ಟರ್, ಒತ್ತಡ, ಇಂಧನದಲ್ಲಿ ಸೇರಿದ ಗಾಳಿ ಅಥವಾ ನೀರು, ಚಳಿಯಲ್ಲಿ ಗ್ಲೋ ಪ್ಲಗ್ ಇವುಗಳನ್ನು ಪರೀಕ್ಷಿಸಬೇಕು. ಸಿಎನ್‌ಜಿಯನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚಿನ ವೋಲ್ಟೇಜ್ ಬೇಕು. ಹಾಗಾಗಿ ಸ್ವಲ್ಪ ಸವೆದ ಪ್ಲಗ್ಗು ಪೆಟ್ರೋಲಿನಲ್ಲಿ ಸರಿಯಾಗಿ ಓಡಿಸಿ ಸಿಎನ್‌ಜಿಯಲ್ಲಿ ಮಾತ್ರ ಮಿಸ್ ಹೊಡೆಯುವುದುಂಟು. ಎರಡೂ ಇಂಧನಗಳಲ್ಲಿ ಓಡಿಸಿ ನೋಡುವುದು ಇಂತಹ ಕಾರುಗಳಲ್ಲಿ ಒಂದು ಸುಲಭ ಪರೀಕ್ಷೆ.

ಮುನ್ನೆಚ್ಚರಿಕೆ

ಎಂಜಿನ್ ಓಡುತ್ತಿರುವಾಗ ಕಾಯಿಲ್, ಪ್ಲಗ್ ಅಥವಾ ವಯರುಗಳನ್ನು ಮುಟ್ಟಬಾರದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಅವುಗಳ ಸಮೀಪ ಹೋಗದಿರುವುದು ಒಳಿತು. ಇಂಧನ ಕೊಳವೆಯನ್ನು ಬಿಚ್ಚುವ ಮೊದಲು ಅದರ ಒತ್ತಡವನ್ನು ಇಳಿಸಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಕಾರನ್ನು ದುರಸ್ತಿಗೆ ಒಪ್ಪಿಸುವ ಮಾಲೀಕರು ಯಾವ ಸಂಕೇತ ದಾಖಲಾಗಿತ್ತು, ಯಾವ ಪರೀಕ್ಷೆಯಿಂದ ಆ ಭಾಗ ಕೆಟ್ಟಿದೆ ಎಂದು ತಿಳಿಯಿತು ಎಂಬೆರಡು ಪ್ರಶ್ನೆಗಳನ್ನು ಕೇಳುವುದು ಸೂಕ್ತ. ದುರಸ್ತಿಯ ನಂತರ ಸಂಕೇತಗಳನ್ನು ಅಳಿಸಿ, ಮೊದಲು ದೋಷ ಕಂಡ ಸ್ಥಿತಿಯಲ್ಲಿಯೇ ಕಾರನ್ನು ಮತ್ತೆ ಓಡಿಸಿ, ಸಂಕೇತ ಮರಳದಿರುವುದನ್ನು ಖಚಿತಪಡಿಸಿಕೊಂಡಾಗಲೇ ಪತ್ತೆಯ ಕಾರ್ಯ ಪೂರ್ಣಗೊಳ್ಳುತ್ತದೆ.